ಎರಡು ಉಂಗುರ ಒಂದೇ ಬೆರಳಿಗೆ ಹಾಕುವುದಿದ್ದರೆ

ಮದುವೆ ಉಂಗುರ ಕೊಳ್ಳಲು ಹೋಗುವಾಗ ನಿಶ್ಚಿತಾರ್ಥದ ಉಂಗುರವನ್ನು ಬೆರಳಲ್ಲೇ ಹಾಕಿಕೊಂಡು ಹೋಗಿ. ಫೋಟೋ ತೋರಿಸಿದರೆ ಸಾಲದು.

ನನ್ನದು 18 ಕ್ಯಾರಟ್ ಚಿನ್ನದಲ್ಲಿ ಕೂರಿಸಿದ ವಜ್ರದ ಉಂಗುರ. ಅಮ್ಮನ ಆಸೆಯಂತೆ ಅದರ ಪಕ್ಕಕ್ಕೆ 22 ಕ್ಯಾರಟ್ ಬ್ಯಾಂಡ್, ಅಂದರೆ ಪಟ್ಟಿಯಂಥ ಮದುವೆ ಉಂಗುರ, ಮಾಡಿಸಿದೆವು. ಎರಡೇ ವರ್ಷಕ್ಕೆ ಬ್ಯಾಂಡಿನ ಅಂಚಿನಲ್ಲಿ ಸಣ್ಣ ಕಚ್ಚು ಬಿದ್ದಿದೆ, ಉಗುರು ಆಡಿಸಿದರೆ ಗೊತ್ತಾಗುತ್ತದೆ. 22 ಕ್ಯಾರಟ್ ಮೆತ್ತಗಿನ ಚಿನ್ನ. 18ರಲ್ಲಿ ಬೇರೆ ಲೋಹ ಜಾಸ್ತಿ, ಅದು ಗಟ್ಟಿ. ದಿನವಿಡೀ ಒಂದಕ್ಕೊಂದು ಉಜ್ಜಿದರೆ ಸವೆಯುವುದು ಮೆತ್ತಗಿನದೇ ಅಲ್ವಾ? ಹಾಗಾಗಿ ಮೊದಲು ಒಳಗಿನ ಹಾಲ್‌ಮಾರ್ಕ್ ನೋಡಿ. 750 ಇದ್ದರೆ 18 ಕ್ಯಾರಟ್, 916 ಇದ್ದರೆ 22. ಎರಡೂ ಉಂಗುರದಲ್ಲಿ ಒಂದೇ ಇರಲಿ.

ಕಲ್ಲು ದೊಡ್ಡದಿದ್ದು ತಗ್ಗಾಗಿ ಕೂತಿದ್ದರೆ ನೇರ ಬ್ಯಾಂಡ್ ಅಂಟಿಕೊಂಡು ಕೂರುವುದಿಲ್ಲ, ನಡುವೆ ಸಂದು ಬೀಳುತ್ತದೆ. ಸ್ವಲ್ಪ ಬಾಗಿದ ಬ್ಯಾಂಡ್ ಕೇಳಿ. ನನಗಂತೂ ಆ ಸಂದು ಇಷ್ಟವಾಗುವುದಿಲ್ಲ, ತಲೆ ಬಾಚುವಾಗ ಕೂದಲು ಸಿಕ್ಕಿಕೊಳ್ಳುತ್ತದೆ.

ಅಳತೆಯನ್ನು ಎರಡೂ ಒಟ್ಟಿಗೆ ಹಾಕಿಯೇ ನೋಡಿ. ಅಗಲ ಹೆಚ್ಚಾದಷ್ಟೂ ಬಿಗಿ ಅನ್ನಿಸುತ್ತದೆ. ಸಂಜೆ ಹೊತ್ತು ಹೋದರೆ ಒಳ್ಳೆಯದು, ಬೆಳಗಿನ ಚಳಿಗೆ ಬೆರಳು ಸಣ್ಣಗಿರುತ್ತದೆ. ಸುತ್ತಲೂ ಪೂರ್ತಿ ಕಲ್ಲಿರುವ ಬ್ಯಾಂಡ್ ತಗೊಂಡರೆ ಮುಂದೆ ಸೈಜ್ ಬದಲಿಸುವುದು ಕಷ್ಟ.