ಬಾವಲಿ ತರುವ ಬೀಜದಿಂದ ಬೋಳುಗುಡ್ಡೆಯಲ್ಲಿ ಕಾಡು ಬೆಳೆಸುವ ಕ್ರಮ

ಮುರಕಲ್ಲು (ಜಂಬಿಟ್ಟಿಗೆ) ತೆಗೆದು ಬಿಟ್ಟ ಕೋರೆ, ಗೇರುಮರ ಮುದಿಯಾಗಿ ಪಾಳುಬಿದ್ದ ಹಿತ್ತಿಲು, ಮುಳಿಹುಲ್ಲು ಮಾತ್ರ ಉಳಿದ ಪದವು (ಗುಡ್ಡೆಯ ಮೇಲಿನ ಬಯಲು). ಮಂಗಳೂರು, ಉಡುಪಿಯ ಸುತ್ತಮುತ್ತ ಇಂಥ ಜಾಗಗಳಿಗೆ ಕೊರತೆಯಿಲ್ಲ. ಇಲ್ಲಿ ಕಾಡು ಬರಿಸಬೇಕು ಅಂದುಕೊಂಡವರು ಹೆಚ್ಚಾಗಿ ನೇರ ನರ್ಸರಿಗೆ ಹೋಗುತ್ತಾರೆ. ಅದಕ್ಕೂ ಮೊದಲು, ಹಣ್ಣು ಬಿಟ್ಟ ಗೋಳಿಮರವೊಂದನ್ನು (ಆಲ) ಹುಡುಕಿ, ಕತ್ತಲಾಗುವ ಹೊತ್ತಿಗೆ ಸ್ವಲ್ಪ ದೂರದಲ್ಲಿ ನಿಂತು ನೋಡಿ. ಬಾವಲಿಗಳು ಎತ್ತ ಕಡೆಯಿಂದ ಬರುತ್ತವೆ, ಹಣ್ಣು ಕಚ್ಚಿಕೊಂಡು ಎತ್ತ ಹೋಗುತ್ತವೆ ಎಂಬುದು ಮೂರು ನಾಲ್ಕು ಸಂಜೆಗಳಲ್ಲಿ ಗೊತ್ತಾಗುತ್ತದೆ. ಮುಂದಿನ ಕೆಲಸವೆಲ್ಲ ಆ ಹಾದಿಯನ್ನು ನೋಡಿಕೊಂಡೇ ಮಾಡಬೇಕು.

ಯಾವ ಬಾವಲಿ, ಎಂಥ ಬೀಜ

ಹಣ್ಣು ತಿನ್ನುವ ಬಾವಲಿಗಳಲ್ಲಿ ಕರಾವಳಿಯಲ್ಲಿ ಮುಖ್ಯವಾಗಿ ಕಾಣುವುದು ಮೂರು. ಎತ್ತರದ ಮರಗಳಲ್ಲಿ ಹಗಲಿಡೀ ಗುಂಪಾಗಿ ತೂಗುವ ದೊಡ್ಡ ಬಾವಲಿ (ಟೆರೋಪಸ್), ರೆಕ್ಕೆ ಬಿಚ್ಚಿದರೆ ನಾಲ್ಕಡಿ ಅಗಲ. ಗುಹೆ, ಹಳೆಯ ಸುರಂಗ, ಪಾಳುಕಟ್ಟಡಗಳಲ್ಲಿ ಇರುವ ರೂಸೆಟ್. ತಾಳೆ, ಬೈನೆ ಮರಗಳ ಗರಿಯಡಿಯಲ್ಲಿ ಕೆಲವೇ ಸೇರಿ ವಾಸಿಸುವ ಗಿಡ್ಡಮೂತಿಯ ಸಣ್ಣ ಬಾವಲಿ (ಸೈನಾಪ್ಟೆರಸ್). ದೊಡ್ಡದು ಒಂದೇ ರಾತ್ರಿಯಲ್ಲಿ ಹತ್ತಾರು ಕಿಲೋಮೀಟರ್ ಹಾರಬಲ್ಲದು. ಸಣ್ಣದರ ಓಡಾಟ ಊರಿನೊಳಗೇ.

ಗೋಳಿ, ಅತ್ತಿ, ಬಸರಿಯ ಬೀಜ ಸಾಸಿವೆಗಿಂತ ಸಣ್ಣದು, ಹಣ್ಣಿನ ಜೊತೆ ಹೊಟ್ಟೆಗೆ ಹೋಗುತ್ತದೆ. ಬಾವಲಿಯ ಹೊಟ್ಟೆಯಲ್ಲಿ ಹಣ್ಣು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಹಕ್ಕಿಗಳು ಹೆಚ್ಚಾಗಿ ಕೊಂಬೆಯ ಮೇಲೆ ಕೂತು ಹಿಕ್ಕೆ ಹಾಕುತ್ತವೆ. ಬಾವಲಿ ಹಾರುತ್ತಲೂ ಹಾಕುವುದರಿಂದ ಮರವೇ ಇಲ್ಲದ ಬಯಲಿಗೂ ಬೀಜ ಬೀಳುತ್ತದೆ. ಹೊನ್ನೆ (ಸುರಹೊನ್ನೆ), ಕಾಡುಬಾದಾಮಿ, ರೆಂಜೆ (ಬಕುಲ), ಮಾವು, ಗೇರಿನಂಥ ದೊಡ್ಡ ಬೀಜದ ಕಥೆ ಬೇರೆ. ಹಣ್ಣನ್ನು ಕಚ್ಚಿಕೊಂಡು ಇನ್ನೊಂದು ಮರಕ್ಕೆ ಹಾರಿ, ತಿರುಳನ್ನು ಜಗಿದು ರಸ ಹೀರಿ, ನಾರನ್ನು ಉಗುಳಿ, ಬೀಜವನ್ನು ಅಲ್ಲೇ ಕೆಳಗೆ ಬಿಡುತ್ತವೆ. ಹಾಗಾಗಿ ದೊಡ್ಡ ಬೀಜ ತಾನಾಗಿ ಬೋಳುಗುಡ್ಡೆಯ ನಡುವಿಗೆ ಬರುವುದು ಅಪರೂಪ. ಅದನ್ನು ನಾವು ಹೆಕ್ಕಿ ತಂದು ಸಸಿ ಮಾಡಬೇಕು. ಸಣ್ಣ ಬೀಜಕ್ಕೆ ಬಾವಲಿಯೇ ಸಾಕು.

ಕೈ ಹಾಕುವ ಮೊದಲು

ನಿಪಾ ವೈರಾಣು ದೊಡ್ಡ ಬಾವಲಿಗಳಲ್ಲಿ ಇರುತ್ತದೆ. 2018ರಲ್ಲಿ ಕೋಯಿಕ್ಕೋಡಿನಲ್ಲಿ ಜನ ಸತ್ತದ್ದು ಕರಾವಳಿಯವರಿಗೆ ಮರೆತಿರಲಿಕ್ಕಿಲ್ಲ. ಜೊಲ್ಲು, ಮೂತ್ರ ತಾಗಿದ ಹಣ್ಣಿನಿಂದ ರೋಗ ಬರಬಹುದು. ಹೆದರಿ ಬಾವಲಿಯನ್ನು ಓಡಿಸುವುದು ಪರಿಹಾರವಲ್ಲ. ಗೂಡುಮರ, ಅಂದರೆ ಹಗಲು ತೂಗುವ ಮರ, ಕಡಿದರೆ ಅವು ಚದುರಿ ಇನ್ನಷ್ಟು ಮನೆಗಳ ಹತ್ತಿರ ಸೇರುತ್ತವೆ. ಆದರೆ ಎಚ್ಚರಿಕೆಯಲ್ಲಿ ರಾಜಿ ಬೇಡ:

ಬಾವಲಿಗಳು ಹಗಲು ತೂಗುವ ಮರದ ಕೆಳಗೆ ಬೀಜ ಹೆಕ್ಕಬೇಡಿ. ಸಣ್ಣ ಬಾವಲಿ ರಾತ್ರಿ ತಿನ್ನಲು ಬರುವ ಮರದಡಿಯಲ್ಲಿ ಮಾತ್ರ ಹೆಕ್ಕಿ. ರಬ್ಬರ್ ಕೈಗವಸು, ಮಾಸ್ಕ್, ಬೂಟು ಹಾಕಿ. ಮಕ್ಕಳನ್ನು ಈ ಕೆಲಸಕ್ಕೆ ಕರೆದೊಯ್ಯಬೇಡಿ. ಕಚ್ಚಿದ ಗುರುತಿರುವ ಹಣ್ಣನ್ನು ತಿನ್ನಬೇಡಿ, ದನಕ್ಕೂ ಹಾಕಬೇಡಿ. ಬಿದ್ದ ಬಾವಲಿಯನ್ನು ಬರಿಗೈಯಲ್ಲಿ ಎತ್ತದೆ ಅರಣ್ಯ ಇಲಾಖೆಯ ವಲಯ ಕಚೇರಿಗೆ ತಿಳಿಸಿ. ಹತ್ತಿರದಲ್ಲಿ ನಿಪಾ ವರದಿಯಾದರೆ ಆ ವರ್ಷ ಬೀಜ ಹೆಕ್ಕುವ ಕೆಲಸವನ್ನೇ ಕೈಬಿಡಿ.

ಬೀಜ ಹಿಡಿಯುವುದು

ತಿನ್ನುವ ಮರ ಗುರುತಿಸುವುದು ಸುಲಭ. ಅಡಿಯಲ್ಲಿ ಜಗಿದು ಉಗುಳಿದ ನಾರಿನ ಉಂಡೆ, ಹಲ್ಲಿನ ಗೀರಿರುವ ಹೊನ್ನೆಕಾಯಿ, ಸುತ್ತಮುತ್ತ ಆ ಜಾತಿಯ ಮರವೇ ಇಲ್ಲದಿದ್ದರೂ ಬಿದ್ದಿರುವ ಬೀಜ ಕಾಣುತ್ತವೆ. ದಟ್ಟ ಎಲೆಯ ಮಾವು, ಹಲಸು, ಬೈನೆ ಮರಗಳನ್ನು ಮೊದಲು ನೋಡಿ.

ಅಲ್ಲಿ ಎರಡು ಮೀಟರ್ ಚೌಕದ ನೆರಳುಬಲೆಯನ್ನು ನಾಲ್ಕು ಗೂಟಕ್ಕೆ, ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿ, ನಡು ಸ್ವಲ್ಪ ಜೋಲುವಂತೆ ಕಟ್ಟಿ. ನೆಲಕ್ಕೇ ಹಾಸಿದರೆ ಇಲಿ, ಹೆಗ್ಗಣ, ಇರುವೆ ಪಾಲು ತೆಗೆದುಕೊಳ್ಳುತ್ತವೆ. ಫೆಬ್ರವರಿಯಿಂದ ಜೂನ್ ಮೊದಲ ವಾರದವರೆಗೆ, ಎರಡು ದಿನಕ್ಕೊಮ್ಮೆ ಬಿಸಿಲೇರಿದ ಮೇಲೆ ಹೆಕ್ಕಿ. ಬೀಜವನ್ನು ಸೋಪಿನ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಉಜ್ಜಿ, ಎರಡು ಬಾರಿ ಬರಿ ನೀರಿನಲ್ಲಿ ತೊಳೆಯಿರಿ. ಬಲೆಯನ್ನು ಸೋಪಿನಲ್ಲಿ ತೊಳೆದು ಗಟ್ಟಿ ಬಿಸಿಲಿಗೆ ಹರವಿ.

ನೀರಿಗೆ ಹಾಕಿ ತೇಲಿದ್ದನ್ನು ಎಸೆಯುವ ರೂಢಿ ಎಲ್ಲರಿಗೂ ಗೊತ್ತು. ನೇರಳೆಗೆ ಅದು ಸರಿ. ಹೊನ್ನೆ ಮತ್ತು ಕಾಡುಬಾದಾಮಿಗೆ ತಪ್ಪು. ಅವು ಸಮುದ್ರದಲ್ಲಿ ತೇಲಿ ಹೋಗಿಯೂ ಹರಡುವ ಜಾತಿಗಳು, ಚೆನ್ನಾದ ಬೀಜವೂ ತೇಲುತ್ತದೆ. ಹೊನ್ನೆಯನ್ನು ಕೈಯಲ್ಲಿ ತೂಗಿ, ಹಗುರವಾದದ್ದನ್ನೂ ತೂತಾದದ್ದನ್ನೂ ಬಿಡಿ.

ಸಸಿ ಮಾಡುವುದು

ಹೊನ್ನೆಯ ಗಟ್ಟಿ ಚಿಪ್ಪನ್ನು ಹಾಗೇ ಬಿಟ್ಟು ಹಾಕಿದರೆ ಮೊಳೆಯಲು ಸುಮಾರು ಎರಡು ತಿಂಗಳು ಬೇಕು. ಒಳತಿರುಳಿಗೆ ಪೆಟ್ಟಾಗದಂತೆ ಚಿಪ್ಪು ಬಿಡಿಸಿದರೆ ಮೂರು ವಾರದಲ್ಲಿ ಮೊಳಕೆ ಬರುತ್ತದೆ. ಸುತ್ತಿಗೆಯ ಬದಲು ಅಡಕತ್ತರಿಯಿಂದ ಅಂಚು ಬಿರುಕು ಬಿಡಿಸಿದರೆ ಹಾಳಾಗುವುದು ಕಡಿಮೆ. ನೇರಳೆಬೀಜವನ್ನು ಬಿಸಿಲಿಗೆ ಒಣಗಿಸಿದರೆ ಸತ್ತಂತೆ. ತೊಳೆದ ವಾರದೊಳಗೆ ಹಾಕಿ, ಒಂದೇ ಬೀಜದಿಂದ ಎರಡು ಮೂರು ಮೊಳಕೆ ಬಂದರೆ ಗಟ್ಟಿಯಾದದ್ದನ್ನು ಉಳಿಸಿ.

ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ಮರಳು, ಒಂದು ಪಾಲು ಹಳೆಯ ಹಟ್ಟಿಗೊಬ್ಬರ. ಪ್ಲಾಸ್ಟಿಕ್ ಲಕೋಟೆ 6×8 ಇಂಚಿನದು ನೇರಳೆಯಂಥ ಸಣ್ಣ ಬೀಜಕ್ಕೆ, 8×12 ಇಂಚಿನದು ಹೊನ್ನೆ, ಬಾದಾಮಿಗೆ. ಕೆಳಗೆ ತೂತು ಸಾಲದಿದ್ದರೆ ಆಟಿಯ (ಜುಲೈ-ಆಗಸ್ಟ್) ಮಳೆಗೆ ಬೇರು ಕೊಳೆಯುತ್ತದೆ. ಲಕೋಟೆಗಳನ್ನು ಜಲ್ಲಿಯ ಮೇಲೆ ಇಡಿ. ಈ ವರ್ಷ ಹಾಕಿದ ಬೀಜ ನೆಡುವ ಹದಕ್ಕೆ ಬರುವುದು ಮುಂದಿನ ಜೂನ್‌ಗೆ.

ಗೋಳಿಗೂಟ

ಗೋಳಿಯನ್ನು ಬೀಜದಿಂದ ಬೆಳೆಸುವ ಶ್ರಮ ಬೇಡ, ಕೊಂಬೆಯೇ ಬೇರೂರುತ್ತದೆ. ಮೇ ಕೊನೆಯಲ್ಲಿ ಎರಡರಿಂದ ಎರಡೂವರೆ ಮೀಟರ್ ಉದ್ದದ, ಮುಂಗೈ ದಪ್ಪದ ನೇರ ಕೊಂಬೆ ಕಡಿಯಿರಿ. ಬುಡವನ್ನು ಓರೆಯಾಗಿ, ತುದಿಯನ್ನು ನೇರವಾಗಿ ಕತ್ತರಿಸಿದರೆ ತಲೆಕೆಳಗಾಗಿ ನೆಡುವ ತಪ್ಪು ಆಗುವುದಿಲ್ಲ. ಹಾಲು ಒಣಗುವವರೆಗೆ ಒಂದು ದಿನ ನೆರಳಿನಲ್ಲಿಟ್ಟು, ತುದಿಗೆ ಸೆಗಣಿ, ಕೆಂಪುಮಣ್ಣಿನ ಲೇಪ ಹಚ್ಚಿ. ಪತ್ತನಾಜೆ (ಮೇ ಕೊನೆಗೆ ಬರುವ ತುಳುನಾಡಿನ ಆಚರಣೆಯ ದಿನ) ಕಳೆದು ಮಳೆ ಹಿಡಿದ ಮೇಲೆ ಎರಡಡಿ ಆಳಕ್ಕೆ ಊರಿ, ಸುತ್ತ ಮಣ್ಣು ಗಟ್ಟಿಯಾಗಿ ತುಳಿಯಿರಿ. ಗೂಟ ಅಲುಗಾಡಿದರೆ ಹೊಸ ಬೇರು ಕಡಿದುಹೋಗುತ್ತದೆ. ಹೆಚ್ಚಿನ ಗೂಟಗಳು ಸಾಯುವುದು ಇದೇ ಕಾರಣಕ್ಕೆ. ಎತ್ತರದ ಗೂಟದ ಚಿಗುರು ದನ, ಆಡುಗಳ ಬಾಯಿಗೆ ಸುಲಭವಾಗಿ ಸಿಗುವುದಿಲ್ಲ ಎಂಬುದು ಇನ್ನೊಂದು ಲಾಭ.

ಮನೆ, ಬಾವಿ, ಪಾಗಾರದ ಹತ್ತಿರ ಗೋಳಿ ಬೇಡ. ವಿದ್ಯುತ್ ತಂತಿಯಿಂದ ಕನಿಷ್ಠ 15 ಮೀಟರ್ ದೂರವಿರಲಿ. ದೊಡ್ಡ ಬಾವಲಿಯ ರೆಕ್ಕೆ ಒಂದೇ ಸಲ ಎರಡು ತಂತಿಗೆ ತಾಗಿ ಸಾಯುವುದನ್ನು ರಸ್ತೆಬದಿಯಲ್ಲಿ ನೋಡುತ್ತಲೇ ಇರುತ್ತೇವೆ.

ಗುಂಪಾಗಿ ನೆಡಿ

ಎಕರೆಗೆ ಮೂರು ಮೀಟರ್ ಅಂತರದಲ್ಲಿ ಸಾಲಾಗಿ ನೆಟ್ಟರೆ ಸುಮಾರು 450 ಸಸಿ ಬೇಕು. ಅದರ ಬದಲು ಎಂಟು ಗುಂಪು ಮಾಡಿ. ಎರಡು ಮೀಟರ್ ಅಂತರದಲ್ಲಿ ನಾಲ್ಕಕ್ಕೆ ನಾಲ್ಕು, ಅಂದರೆ ಗುಂಪಿಗೆ 16, ಒಟ್ಟು 128 ಸಸಿ. ಒಂದು ಗುಂಪು ಬಿಟ್ಟು ಒಂದರ ಪಕ್ಕದಲ್ಲಿ ಒಂದು ಗೋಳಿಗೂಟ. ನಡುವಿನ ಖಾಲಿ ಜಾಗ ಬಾವಲಿ, ಹಕ್ಕಿಗಳಿಗೆ ಬಿಟ್ಟದ್ದು. ಈ ಲೆಕ್ಕ ಫಲಿಸುವುದು ಹತ್ತಿರದಲ್ಲಿ ಹಣ್ಣುಬಿಡುವ ಹಳೆಯ ಮರಗಳಿದ್ದರೆ ಮಾತ್ರ. ನಾಗಬನವೊಂದು ಪಕ್ಕದಲ್ಲಿದ್ದರೆ ಅದಕ್ಕಿಂತ ಒಳ್ಳೆಯ ಬೀಜದ ಮನೆ ಇಲ್ಲ. ಬನದ ಮರ ತೆಗೆದು ಕಾಂಕ್ರೀಟ್ ಹಾಕುವ ಮಾತು ಬಂದಾಗ ಊರವರಿಗೆ ಇದನ್ನು ವಿವರಿಸಿ ಹೇಳಬೇಕು.

ಪದವಿನಲ್ಲಿ ಒಂದೂವರೆ ಅಡಿಯ ಹೊಂಡ ತೋಡಿದರೆ ಮುರಕಲ್ಲಿನಲ್ಲಿ ಅದು ನೀರಿನ ತೊಟ್ಟಿಯಾಗುತ್ತದೆ. ಇಳಿಜಾರಿನ ಕಡೆ ಒಂದು ಸಣ್ಣ ಕಡಿತ ಕೊಟ್ಟು, ಮಣ್ಣು ತುಂಬಿ, ನೆಲಮಟ್ಟಕ್ಕಿಂತ ನಾಲ್ಕು ಇಂಚು ದಿಬ್ಬದ ಮೇಲೆ ಸಸಿ ಕೂರಿಸಿ. ಬುಡಕ್ಕೆ ತರಗೆಲೆ ಮುಚ್ಚಿ. ಮೊದಲೆರಡು ಬೇಸಿಗೆ ವಾರಕ್ಕೊಮ್ಮೆ ಸಸಿಗೆ ಐದು ಲೀಟರ್ ನೀರು.

ಖಾಲಿ ಜಾಗದಲ್ಲಿ ಬಿದ್ದ ಬೀಜವನ್ನು ಕೊಲ್ಲುವುದು ಎರಡು: ಮುಳಿಹುಲ್ಲಿನ ಬೆಂಕಿ ಮತ್ತು ಕಮ್ಯುನಿಸ್ಟ್ ಗಿಡವೆಂಬ ಹೊರನಾಡಿನ ಕಳೆ (ಕ್ರೊಮೊಲೇನಾ). ಡಿಸೆಂಬರ್ ಮುಗಿಯುವುದರೊಳಗೆ ಸುತ್ತಲೂ ಮೂರು ಮೀಟರ್ ಅಗಲಕ್ಕೆ ಹುಲ್ಲು ಹೆರೆದು ಬೆಂಕಿಗೆ ಅಡ್ಡಪಟ್ಟಿ ಮಾಡಿ. ಕಮ್ಯುನಿಸ್ಟ್ ಗಿಡವನ್ನು ಹೂ ಬಿಡುವ ಮೊದಲು ಬೇರುಸಮೇತ ಕೀಳಿ. ಕಡಿದರೆ ಮತ್ತೆ ಚಿಗುರುತ್ತದೆ. ಯಂತ್ರದಿಂದ ಇಡೀ ಗುಡ್ಡೆ ಸವರಬೇಡಿ, ಬಾವಲಿ ತಂದ ಸಸಿಯೂ ಅದರೊಂದಿಗೆ ಹೋಗುತ್ತದೆ.

ಗಸಗಸೆ ಹಣ್ಣಿನ ಮರ ಬೇಗ ಹಣ್ಣು ಬಿಡುತ್ತದೆ, ಸಣ್ಣ ಬಾವಲಿಗೆ ಇಷ್ಟ. ಆದರೂ ಅದು ಹೊರನಾಡಿನದು, ತಾನೇ ಹಬ್ಬುತ್ತದೆ. ಕಾಡು ಮಾಡುವ ಜಾಗಕ್ಕೆ ಬೇಡ.

ಬಾವಲಿ ಉಳಿದರೆ ತಾನೇ ಬೀಜ

ದೊಡ್ಡ ಬಾವಲಿ ಹೆರುವುದು ವರ್ಷಕ್ಕೆ ಒಂದೇ ಮರಿ. ಗೂಡುಮರದ ಹತ್ತಿರ ಪಟಾಕಿ, ಗರ್ನಾಲು ಹೊಡೆದರೆ ಅಪ್ಪಿಕೊಂಡ ಮರಿಗಳು ಜಾರಿ ಬೀಳುತ್ತವೆ. ಒಂದು ಕಾಲದಲ್ಲಿ ಉಪದ್ರವಿಗಳ ಪಟ್ಟಿಯಲ್ಲಿದ್ದ ಈ ಪ್ರಾಣಿ, ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿಯ ನಂತರ ಸಂರಕ್ಷಿತ ಪ್ರಾಣಿಗಳ ಎರಡನೇ ಅನುಸೂಚಿಗೆ ಬಂದಿದೆ. ಕೊಲ್ಲುವುದು ಅಪರಾಧ. ನೆಟ್ಟ ಗುಡ್ಡೆಯ ಮೇಲೆ ಫ್ಲಡ್‌ಲೈಟ್ ಬೇಡ, ಬೆಳಕಿರುವ ಕಡೆ ಬಾವಲಿ ಬರುವುದು ಕಡಿಮೆ.

ರಂಬುಟಾನ್, ಚಿಕ್ಕು ಬೆಳೆಗಾರರ ನಷ್ಟ ನಿಜವಾದದ್ದು. ಸಡಿಲ ನೈಲಾನ್ ಬಲೆ ಹಾಕಿದರೆ ಬಾವಲಿ ಸಿಕ್ಕಿಕೊಂಡು ಸಾಯುತ್ತದೆ, ಹಣ್ಣೂ ಉಳಿಯುವುದಿಲ್ಲ. ಕಿರುಬೆರಳು ತೂರದಷ್ಟು ಸಣ್ಣ ಕಣ್ಣಿನ ಬಿಳಿ ಬಲೆಯನ್ನು ಚೌಕಟ್ಟಿಗೆ ಬಿಗಿಯಾಗಿ, ಹಣ್ಣಿಗೆ ತಾಗದಂತೆ ಎಳೆದು ಕಟ್ಟಿ.

ಎರಡನೇ ವರ್ಷದಿಂದ ಪ್ರತಿ ಸೆಪ್ಟೆಂಬರಿನಲ್ಲಿ ಗುಂಪುಗಳ ನಡುವಿನ ಖಾಲಿ ಜಾಗದಲ್ಲಿ ಎರಡು ಮೀಟರ್ ಚೌಕದ ಹತ್ತು ಕಡೆ ಸಸಿ ಎಣಿಸಿ. ನೀವು ನೆಡದ ಜಾತಿ ಯಾವುದು, ಎಷ್ಟು ಎಂದು ಬರೆದಿಡಿ. ಬಂದ ಸಸಿಯ ಪಕ್ಕ ಬಣ್ಣ ಬಳಿದ ಗೂಟ ನೆಟ್ಟರೆ ಹುಲ್ಲು ಹೆರೆಯುವವರ ಕತ್ತಿಯಿಂದ ಅದು ಉಳಿಯುತ್ತದೆ. ಮೂರನೇ ವರ್ಷಕ್ಕೂ ಹೊಸ ಜಾತಿ ಏನೂ ಕಾಣದಿದ್ದರೆ, ಹತ್ತಿರದಲ್ಲಿ ಬೀಜದ ಮರವಿಲ್ಲ ಎಂದೋ ಬೆಂಕಿ ನುಗ್ಗುತ್ತಿದೆ ಎಂದೋ ತಿಳಿದು, ಖಾಲಿ ಜಾಗದಲ್ಲೂ ಸಸಿ ನೆಡಲು ಶುರುಮಾಡಿ.