ಮಂಡಗದ್ದೆಯ ದಡದಲ್ಲಿ ಒಂದು ಹಗಲು

ಈ ಸಲ ಹಕ್ಕಿ ನೋಡಲು ಹೊರಟ ನಮ್ಮ ಗುಂಪಿಗೆ ಟಿಟಿ (ಟೆಂಪೋ ಟ್ರಾವೆಲರ್) ಗೊತ್ತುಮಾಡುವಾಗಲೇ ನಾನು ಹಟ ಹಿಡಿದೆ, ಇಡೀ ದಿನ ಒಂದೇ ಜಾಗ ಅಂತ. ಗುಂಪಿನಲ್ಲಿ ಕೆಲವರಿಗೆ ಬೆಳಿಗ್ಗೆ ತುಂಗೆಯ ದಡದ ಹಕ್ಕಿಧಾಮ ಮಂಡಗದ್ದೆ, ಮಧ್ಯಾಹ್ನ ಸೊರಬದ ಗುಡವಿ, ಸಂಜೆ ಶರಾವತಿ ಹಿನ್ನೀರು, ಎಲ್ಲ ಮುಗಿಸಿಕೊಂಡೇ ಮನೆಗೆ ಬರುವ ಆಸೆ. ಹಾಗೆ ಓಡಿದರೆ ಹಕ್ಕಿಗಿಂತ ರಸ್ತೆಯನ್ನೇ ಹೆಚ್ಚು ನೋಡಿದ ಹಾಗಾಗುತ್ತದೆ. ಗುಡವಿಯ ಕೆರೆಗೆ, ಅಲ್ಲಿನ ಬಾಗಿದ ಕೊಕ್ಕಿನ ಬಿಳಿ ಕೆಂಬರಲು ಹಕ್ಕಿಗಳಿಗೆ ಬೇರೆಯೇ ಒಂದು ದಿನ ಕೊಡೋಣ ಎಂದೆ. ಹದಿನಾಲ್ಕು ಜನ ಒಪ್ಪಿದರು, ಇಬ್ಬರು ಬಿಟ್ಟರು.

ಈ ಹಟಕ್ಕೆ ಹಿಂದಿನ ಒಂದು ಕಾರಣವಿದೆ. ಕೆಲವು ವರ್ಷದ ಕೆಳಗೆ ಇಂಥದ್ದೇ ಗುಂಪನ್ನು ಒಂದು ಕೆರೆಗೆ ಕರೆದುಕೊಂಡು ಹೋಗಿದ್ದೆ. ಇಪ್ಪತ್ತು ಜನ, ಮೈಮೇಲೆ ಕೆಂಪು ಹಳದಿ ರೇನ್‌ಕೋಟು. ಗೂಡಿನ ಮರದ ಬುಡದವರೆಗೂ ಎಲ್ಲರನ್ನೂ ಬಿಟ್ಟೆ. ಹಾರುವ ಫೋಟೋ ಬೇಕೆಂದು ಯಾರೋ ಚಪ್ಪಾಳೆ ತಟ್ಟಿದರು. ಬೆಳ್ಳಕ್ಕಿಗಳೆಲ್ಲ ಒಟ್ಟಿಗೇ ಎದ್ದವು. ಅವು ಒಂದು ಸುತ್ತು ಹಾಕಿ ಮರಳುವಷ್ಟರಲ್ಲಿ ಕಾಗೆಯೊಂದು ಗೂಡಿಗಿಳಿದು ಮೊಟ್ಟೆ ಕಚ್ಚಿಕೊಂಡು ಹೋಯಿತು. ತಿಳಿ ನೀಲಿ ಮೊಟ್ಟೆ. ಆ ಬಣ್ಣ ಇವತ್ತಿಗೂ ನನ್ನ ಕಣ್ಣಿನಿಂದ ಹೋಗಿಲ್ಲ. ಗುಂಪನ್ನು ಕರೆತಂದವಳು ನಾನು, ತಡೆಯಬೇಕಾದವಳೂ ನಾನೇ ಆಗಿದ್ದೆ.

ಆಗಸ್ಟ್ ಕೊನೆಯ ಭಾನುವಾರ, ಮಘೆ ಮಳೆ ಬಿಟ್ಟು ಬಿಟ್ಟು ಹೊಯ್ಯುತ್ತಿತ್ತು. ಶಿವಮೊಗ್ಗ ಬಿಟ್ಟಾಗ ಐದೂವರೆ. ತೀರ್ಥಹಳ್ಳಿ ರಸ್ತೆಯಲ್ಲಿ ಗಾಜನೂರು, ಸಕ್ರೆಬೈಲು ದಾಟಿ ಸುಮಾರು 30 ಕಿ.ಮೀ. ಹೋದರೆ ಮಂಡಗದ್ದೆ. ಹಸಿರು, ಕಂದು, ಕಪ್ಪು ಬಟ್ಟೆ ಮಾತ್ರ ಎಂದು ಮೊದಲೇ ಹೇಳಿದ್ದೆ. ಫೋನಿನಲ್ಲಿ ಹಕ್ಕಿಯ ಕೂಗು ಹಾಕುವಂತಿಲ್ಲ, ಹಕ್ಕಿ ನೋಡುವ ಗೋಪುರದಿಂದ ಕೆಳಗಿಳಿದು ನೀರಿನ ಅಂಚಿಗೆ ಹೋಗುವಂತಿಲ್ಲ. ಹೊಸದಾಗಿ ದುರ್ಬೀನು ಕೊಳ್ಳುವವರಿಗೆ ಹೇಳುವುದೂ ಒಂದೇ ಮಾತು: ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಗಾಜಿನದು ತೊಗೊಳ್ಳಿ. ಮೋಡ ಕವಿದ ಮಲೆನಾಡಿನ ಮಬ್ಬಿಗೆ ಅಗಲ ಗಾಜು ಬೇಕು. ಹೆಚ್ಚು ಹಿಗ್ಗಿಸುವುದನ್ನು ಕೊಂಡರೆ ಕೈ ನಡುಗಿದ್ದೆಲ್ಲ ಚಿತ್ರದಲ್ಲೂ ನಡುಗುತ್ತದೆ.

ಹಕ್ಕಿಗಳು ಗೂಡು ಕಟ್ಟುವ ಹೊಳೆಯ ನಡುಗಡ್ಡೆ ಕಾಣುವ ಮೊದಲೇ ವಾಸನೆ ಬಂತು, ಹಿಕ್ಕೆಯ ಖಾರ ವಾಸನೆ. ಆಮೇಲೆ ಸದ್ದು, ನೂರಾರು ಗಂಟಲುಗಳ ಗೊರಗೊರ. ತುಂಗೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ನಡುವಿನ ಮರಗಳ ಮೇಲೆ ಎಲೆಗಿಂತ ಹಕ್ಕಿಯೇ ಹೆಚ್ಚೇನೋ ಎನ್ನುವಂತಿತ್ತು. ಇಷ್ಟು ಮಳೆಯಲ್ಲಿ ಯಾಕೆ ಮರಿ ಮಾಡುತ್ತವೆ ಎಂದು ನಿವೃತ್ತ ಮೇಷ್ಟ್ರೊಬ್ಬರು ಕೇಳಿದರು. ಸುತ್ತ ಗದ್ದೆಗಳಲ್ಲಿ ನೀರು ನಿಂತಿರುತ್ತದೆ, ಕಪ್ಪೆ, ಮೀನು, ಹುಳ ಬೇಕಾದಷ್ಟು. ಜೊತೆಗೆ ತುಂಬಿದ ಹೊಳೆಯೇ ಮರದ ಸುತ್ತ ಕಾವಲು.

ಮೊದಲ ಒಂದು ಗಂಟೆ ಬೆಳ್ಳಕ್ಕಿ ಬಿಟ್ಟು ಬೇರೆ ಯಾವುದನ್ನೂ ನೋಡಲು ಬಿಡಲಿಲ್ಲ. 'ಬಿಳಿ ಹಕ್ಕಿ' ಎಂದು ಬರೆದು ಮುಂದೆ ಹೋಗುವುದು ಸುಲಭ. ಕಾಲು ಕಪ್ಪು, ಪಾದ ಮಾತ್ರ ಹಳದಿ, ತಲೆಯ ಹಿಂದೆ ಎರಡು ಉದ್ದ ಗರಿ ಇದ್ದರೆ ಸಣ್ಣ ಬೆಳ್ಳಕ್ಕಿ. ಮಧ್ಯಮ ಬೆಳ್ಳಕ್ಕಿಗೆ ತಲೆಯಲ್ಲಿ ಜುಟ್ಟಿಲ್ಲ, ಬೆನ್ನಿನಿಂದಲೂ ಎದೆಯಿಂದಲೂ ನೂಲಿನಂಥ ಗರಿ ಇಳಿಬೀಳುತ್ತವೆ. ಇಲ್ಲೇ ಹೊಸಬರು ತಪ್ಪುವುದು: ಪುಸ್ತಕದ ಚಿತ್ರದಲ್ಲಿ ಅದರ ಕೊಕ್ಕು ಹಳದಿ, ಮರಿ ಮಾಡುವ ಕಾಲಕ್ಕೆ ಕಪ್ಪಾಗಿರುತ್ತದೆ. ದೊಡ್ಡದೋ ಮಧ್ಯಮವೋ ಎಂಬ ಅನುಮಾನ ಬಂದರೆ ಬಾಯಿಯ ಗೆರೆ ನೋಡಬೇಕು. ಕಣ್ಣು ದಾಟಿ ಹಿಂದಕ್ಕೆ ಹೋಗಿದ್ದರೆ ದೊಡ್ಡದು, ಕಣ್ಣಿನ ಕೆಳಗೇ ನಿಂತರೆ ಮಧ್ಯಮ. ಒಂದು ಗಂಟೆ ಕಳೆಯುವಷ್ಟರಲ್ಲಿ ಎಲ್ಲರೂ ತಮ್ಮತಮ್ಮಲ್ಲೇ ವಾದ ಶುರು ಮಾಡಿದ್ದರು. ನನಗೆ ಬೇಕಾಗಿದ್ದೂ ಅದೇ.

ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಅಪ್ಪನ ಜೊತೆ ಬಂದಿದ್ದಳು. ಅವಳಿಗೆ ಒಂದೇ ಗೂಡು ತೋರಿಸಿ, ಇದರಲ್ಲಿ ಏನೇನು ನಡೆಯುತ್ತದೋ ಬರೆ ಎಂದೆ. ಅದರಲ್ಲಿ ಮೂರು ಮರಿ, ಮೂರೂ ಬೇರೆ ಬೇರೆ ಗಾತ್ರ. ದೊಡ್ಡ ಹಕ್ಕಿಯೊಂದು ಕಡ್ಡಿ ಕಚ್ಚಿಕೊಂಡು ಬಂತು. ಗೂಡಿನಲ್ಲಿದ್ದದ್ದು ಬೆನ್ನಿನ ಗರಿ ಕೆದರಿ, ಕತ್ತು ಚಾಚಿ ಕಡ್ಡಿ ತೆಗೆದುಕೊಂಡು, ಒಂದು ಕಡೆ ಚುಚ್ಚಿ, ಸರಿ ಬರಲಿಲ್ಲವೆಂದು ಎಳೆದು ಇನ್ನೊಂದು ಕಡೆ ಸಿಕ್ಕಿಸಿತು. ಮರಿಗಳು ಹುಟ್ಟಿದ ಮೇಲೂ ಮನೆ ರಿಪೇರಿ ನಿಲ್ಲುವುದಿಲ್ಲ. ಸ್ವಲ್ಪ ಹೊತ್ತಿಗೆ ಹುಡುಗಿ ನನ್ನ ತೋಳು ಜಗ್ಗಿದಳು.

"ಅಕ್ಕಾ, ಚಿಕ್ಕದಕ್ಕೆ ಏನೂ ಸಿಗ್ತಾನೇ ಇಲ್ಲ."

ನಿಜ ಹೇಳಿದೆ. ಮೊದಲ ಮೊಟ್ಟೆ ಇಟ್ಟಾಗಿನಿಂದಲೇ ಕಾವು ಕೊಡಲು ಶುರು, ಹಾಗಾಗಿ ಕೊನೆಯದು ತಡವಾಗಿ ಒಡೆಯುತ್ತದೆ. ಮೀನು ಕಡಿಮೆಯಾದರೆ ಅದು ಉಳಿಯುವುದು ಕಷ್ಟ. ಅವಳು ಮಾತಾಡದೆ ಮತ್ತೆ ದುರ್ಬೀನಿಗೆ ಕಣ್ಣಿಟ್ಟಳು.

ಹಾವಕ್ಕಿಗಳು ಆಚೆ ತುದಿಯ ಕೊಂಬೆಗಳಲ್ಲಿದ್ದವು. ನೀರುಕಾಗೆಯ ಮರಿ ಕಪ್ಪಾದರೆ ಇವುಗಳದ್ದು ಹತ್ತಿಯಂತೆ ಬಿಳಿ. ಮರಿ ತಾಯಿಯ ಬಾಯೊಳಗೆ ತಲೆಯನ್ನೇ ತೂರಿಸಿ ಮೀನು ಕಿತ್ತುಕೊಳ್ಳುತ್ತದೆ. ಕೆಳಗೆ ಇನ್ನೊಂದು ಹಾವಕ್ಕಿ ಕತ್ತು ಮಾತ್ರ ಮೇಲಿಟ್ಟು ಈಜುತ್ತಿತ್ತು. ಆ ಹೆಸರು ಯಾಕೆ ಬಂತೆಂದು ಯಾರಿಗೂ ವಿವರಿಸಬೇಕಾಗಲಿಲ್ಲ.

ಬುತ್ತಿಗೆ ಕಡುಬು, ಕಾಯಿಚಟ್ನಿ. ಊಟವಾದ ಮೇಲೆ ತೋಟದಂಚಿನ ಮಣ್ಣುದಾರಿಯಲ್ಲಿ ಒಂದು ಕಿಲೋಮೀಟರ್ ನಡೆದೆವು. ಭೀಮರಾಜ, ಪಿಕಳಾರ, ಕುಟ್ರನ ಕೂಗು, ದೂರದಲ್ಲಿ ಮಂಗಟ್ಟೆಯ ನಗು. ಉಂಬಳ (ಜಿಗಣೆ) ಎಲ್ಲರನ್ನೂ ಹಿಡಿಯಿತು. ಮತ್ತೆ ಗೋಪುರಕ್ಕೇ ಬಂದೆವು.

ಸಂಜೆ ಐದೂವರೆಯಿಂದ ಆರೂವರೆವರೆಗೆ ಮರಕ್ಕೆ ಮರಳುವ ಹಕ್ಕಿಗಳ ಎಣಿಕೆ. ಇಬ್ಬಿಬ್ಬರ ಜೋಡಿ ಮಾಡಿ ಒಂದನ್ನು ಹೊಳೆಯ ಮೇಲ್ಗಡೆಗೆ, ಇನ್ನೊಂದನ್ನು ಕೆಳಗಡೆಗೆ ಮುಖ ಮಾಡಿ ನಿಲ್ಲಿಸಿದೆ. ಒಬ್ಬರು ಎಣಿಸಬೇಕು, ಇನ್ನೊಬ್ಬರು ಕಣ್ಣೆತ್ತದೆ ಬರೆಯಬೇಕು. ಒಳಗೆ ಬರುವ ಹಕ್ಕಿ ಮಾತ್ರ ಲೆಕ್ಕ. ದೊಡ್ಡ ಹಿಂಡು ಬಂದರೆ ಮೊದಲು ಹತ್ತನ್ನು ಎಣಿಸಿ, ಅಷ್ಟು ಜಾಗ ಕಣ್ಣಿನಲ್ಲಿಟ್ಟುಕೊಂಡು, ಉಳಿದದ್ದನ್ನು ಆ ಹತ್ತಿನಿಂದ ಅಳೆಯುವುದು. ಮೊದಲ ಹಿಂಡಿಗೆ ಮೇಷ್ಟ್ರು ಅರವತ್ತು ಎಂದರೆ ಪಕ್ಕದವರು ತೊಂಬತ್ತು ಎಂದರು. ನಾಲ್ಕನೆಯ ಹಿಂಡಿನ ಹೊತ್ತಿಗೆ ಇಬ್ಬರ ನಡುವೆ ಐದಾರರ ವ್ಯತ್ಯಾಸ ಉಳಿದಿತ್ತು. ಮಬ್ಬು ಇಳಿದ ಮೇಲೂ ಗದ್ದೆ ಕಡೆಯಿಂದ ಸಾಲು ಸಾಲು ಬರುತ್ತಲೇ ಇದ್ದವು, ರೆಕ್ಕೆಯ ಬಿಳುಪು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಹುಡುಗಿ ಎಣಿಕೆಗೆ ಬರಲಿಲ್ಲ. ಅವಳ ಪುಸ್ತಕದ ಕೊನೆಯ ಸಾಲು: '6.10, ಚಿಕ್ಕದಕ್ಕೆ ಒಂದು ಸಲ ಸಿಕ್ಕಿತು.'

ರಾತ್ರಿ ಮನೆಗೆ ಬಂದು ಪಟ್ಟಿಯನ್ನು ಹಕ್ಕಿ ದಾಖಲಿಸುವ ಜಾಲತಾಣ ಈಬರ್ಡ್‌ಗೆ ಹಾಕಿದೆ. ಬೆಳ್ಳಕ್ಕಿಗಳಿಗೂ ಹಾವಕ್ಕಿಗೂ ಸಂಖ್ಯೆ ಬರೆದೆ. ನೀರುಕಾಗೆಗಳು ನೀರಿಗೆ ಅಂಟಿದಂತೆ ಹಾರಿ ಮರದ ನೆರಳೊಳಗೆ ಕರಗುತ್ತಿದ್ದವು, ಎರಡೂ ಜೋಡಿಗಳ ಲೆಕ್ಕ ಕೂಡಲೇ ಇಲ್ಲ. ಊಹೆಯ ಸಂಖ್ಯೆ ತುಂಬಲು ಮನಸ್ಸಾಗದೆ, ಅವುಗಳ ಮುಂದೆ, ಇದ್ದವು ಆದರೆ ಎಣಿಸಿಲ್ಲ ಎನ್ನುವ ಗುರುತಾಗಿ, ಬರೀ 'ಎಕ್ಸ್' ಹಾಕಿ ಬಿಟ್ಟೆ.