ಡೊಮೇನ್ ಹೆಸರು ಕೈತಪ್ಪಿದರೆ ಎಲ್ಲಿಂದ ಶುರು ಮಾಡಬೇಕು

ಮೈಸೂರು–ಮಂಡ್ಯ ಕಡೆಯ ಹೋಂಸ್ಟೇ, ಕಲ್ಯಾಣ ಮಂಟಪ, ರೇಷ್ಮೆ ಮಳಿಗೆ, ಬೆಲ್ಲದ ವ್ಯಾಪಾರ, ಯಾವುದರ ಡೊಮೇನ್ (ವೆಬ್‌ಸೈಟ್ ವಿಳಾಸದ ಹೆಸರು) ಜಗಳವೇ ಆಗಲಿ, ಮೊದಲು ಕೇಳಿಬರುವ ಮಾತು ‘ಯಾರೋ ನಮ್ಮ ಹೆಸರು ಕದ್ದುಬಿಟ್ಟರು’ ಎಂಬುದು. ದಾಖಲೆ ತೆಗೆದು ನೋಡಿದರೆ ಎಷ್ಟೋ ಸಲ ಕಳ್ಳತನವೇ ನಡೆದಿರುವುದಿಲ್ಲ. ವೆಬ್‌ಸೈಟ್ ಮಾಡಿಕೊಟ್ಟವರು ತಮ್ಮ ಅಕೌಂಟಿನಲ್ಲೇ ಹೆಸರು ಕೊಂಡಿರುತ್ತಾರೆ, ಇಲ್ಲವೇ ನವೀಕರಣ ಮರೆತುಹೋಗಿರುತ್ತದೆ.

ಹಾಗಾಗಿ ವಕೀಲರ ಬಳಿ ಹೋಗುವ ಮುಂಚೆ ನಿಮ್ಮದು ಯಾವ ಬಗೆಯ ಜಗಳ ಎಂದು ಗೊತ್ತುಮಾಡಿಕೊಳ್ಳಿ. ಹೆಸರು ಡಿಸೈನರ್ ಕೈಯಲ್ಲಿದೆಯೋ, ಅವಧಿ ಮುಗಿದು ಜಾರಿತೋ, ಅಕೌಂಟ್ ಹ್ಯಾಕ್ ಆಯಿತೋ, ಇಲ್ಲ ಪರಿಚಯವೇ ಇಲ್ಲದವನು ಹಿಡಿದು ಕೂತಿದ್ದಾನೋ? ನಾಲ್ಕಕ್ಕೂ ದಾರಿ ಬೇರೆ ಬೇರೆ.

ಮೊದಲು ದಾಖಲೆ ನೋಡಿ

ಡಾಟ್ ಕಾಮ್, ಡಾಟ್ ಆರ್ಗ್ ಹೆಸರುಗಳಿಗೆ, ಜಗತ್ತಿನ ಡೊಮೇನ್ ವ್ಯವಸ್ಥೆಯ ನಿಯಮ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ಲುಕಪ್ ಪುಟವಿದೆ. ಡಾಟ್ ಇನ್ ಹೆಸರುಗಳನ್ನು ನೋಡಿಕೊಳ್ಳುವುದು ನಿಕ್ಸಿ ಸಂಸ್ಥೆ. ಅದರ ರಿಜಿಸ್ಟ್ರಿಯ ‘ಹೂ ಈಸ್’ ಪುಟದಲ್ಲಿ ಹುಡುಕಿ. 2018ರಲ್ಲಿ ಯುರೋಪಿನ ಖಾಸಗಿತನದ ಕಾನೂನು ಬಂದ ಮೇಲೆ ಮಾಲೀಕರ ಹೆಸರು ಸಾಮಾನ್ಯವಾಗಿ ಕಾಣುವುದಿಲ್ಲ. ಕಾಣದಿದ್ದರೂ ಚಿಂತೆಯಿಲ್ಲ. ರಿಜಿಸ್ಟ್ರಾರ್ (ಡೊಮೇನ್ ಮಾರುವ, ನೋಂದಾಯಿಸುವ ಕಂಪನಿ) ಯಾರು, ಹೆಸರು ಮೊದಲು ನೋಂದಣಿಯಾದ ದಿನ, ಅವಧಿ ಮುಗಿಯುವ ದಿನ, ಸ್ಟೇಟಸ್ ಇವಿಷ್ಟು ಬರೆದುಕೊಳ್ಳಿ. ಸ್ಟೇಟಸ್‌ನಲ್ಲಿ ‘ಕ್ಲೈಂಟ್ ಟ್ರಾನ್ಸ್‌ಫರ್ ಪ್ರೊಹಿಬಿಟೆಡ್’ ಎಂದಿದ್ದರೆ ಗಾಬರಿಯಾಗಬೇಡಿ, ಅದು ಮಾಮೂಲಿ ಬೀಗ. ‘ಕ್ಲೈಂಟ್ ಹೋಲ್ಡ್’ ಎಂದರೆ ರಿಜಿಸ್ಟ್ರಾರ್ ನಿಮ್ಮ ಡೊಮೇನನ್ನು ತಡೆಹಿಡಿದಿದ್ದಾರೆ. ‘ರಿಡೆಂಪ್ಷನ್ ಪೀರಿಯಡ್’ (ಅಳಿಸಿದ ಹೆಸರನ್ನು ಬಿಡಿಸಿಕೊಳ್ಳುವ ಕೊನೆಯ ಅವಕಾಶ) ಕಂಡರೆ ಆವತ್ತೇ ದುಡ್ಡು ಕಟ್ಟಬೇಕು.

ಪುಟವನ್ನು ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಆ ವಿಳಾಸದಲ್ಲಿ ಹಿಂದೆ ಏನಿತ್ತು ಎಂಬುದು ಹಳೆಯ ವೆಬ್‌ಪುಟಗಳನ್ನು ಉಳಿಸಿಡುವ ವೇಬ್ಯಾಕ್ ಮೆಷಿನ್ ಸೈಟಿನಲ್ಲಿ ಸಿಗಬಹುದು, ಅದನ್ನೂ ಉಳಿಸಿ. ಮುಂದೆ ಕೋರ್ಟಿಗೆ ಹೋದರೆ ಇಂಥ ಡಿಜಿಟಲ್ ಸಾಕ್ಷ್ಯದ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ನೇ ಕಲಮಿನ ಪ್ರಮಾಣಪತ್ರ ಕೇಳುತ್ತಾರೆ.

ಡಿಸೈನರ್ ಹೆಸರಲ್ಲಿದ್ದರೆ

ಮನೆ ಕಟ್ಟಿದ ಮೇಸ್ತ್ರಿ ಹೆಸರಿಗೇ ಖಾತೆಯಾದ ಹಾಗೆ ಇದು. ದುಡ್ಡು ನಿಮ್ಮದು, ದಾಖಲೆ ಅವರದು. ರಿಜಿಸ್ಟ್ರಾರ್ ಕಣ್ಣಿಗೆ ದಾಖಲೆಯಲ್ಲಿರುವವರೇ ಹಕ್ಕುದಾರರು, ನೀವು ಎಷ್ಟು ಸಲ ಫೋನ್ ಮಾಡಿದರೂ ಅಷ್ಟೇ. ಡೊಮೇನ್ ಚಾರ್ಜ್ ಎಂದು ಬರೆದ ಬಿಲ್, ಯುಪಿಐ ರಸೀದಿ, ವಾಟ್ಸಾಪ್ ಮಾತುಕತೆ ಒಟ್ಟುಗೂಡಿಸಿ, ಆಮೇಲೆ ಮೇಲ್‌ನಲ್ಲಿ ಸ್ಪಷ್ಟವಾಗಿ ಎರಡರಲ್ಲಿ ಒಂದು ಕೇಳಿ: ಅದೇ ರಿಜಿಸ್ಟ್ರಾರ್‌ನಲ್ಲಿ ನೀವು ತೆರೆದ ಹೊಸ ಅಕೌಂಟಿಗೆ ‘ಪುಷ್’ ಮಾಡುವುದು, ಇಲ್ಲವೇ ಬೀಗ ತೆಗೆದು ಆಥ್ ಕೋಡ್ (ವರ್ಗಾವಣೆಗೆ ಬೇಕಾದ ಗುಟ್ಟಿನ ಸಂಕೇತ) ಕೊಡುವುದು. ಪುಷ್ ಬೇಗ ಮುಗಿಯುತ್ತದೆ. ಆಥ್ ಕೋಡ್ ಹಿಡಿದು ಬೇರೆ ರಿಜಿಸ್ಟ್ರಾರ್‌ಗೆ ಹೋಗಲು ಸುಮಾರು 5 ದಿನ ಬೇಕು. ಹೊಸದಾಗಿ ನೋಂದಣಿಯಾಗಿ 60 ದಿನ ತುಂಬದ ಡಾಟ್ ಕಾಮ್ ಹೆಸರನ್ನು ಸಾಮಾನ್ಯವಾಗಿ ಕದಲಿಸಲಾಗದು. ಮಾಲೀಕರ ವಿವರ ಬದಲಿಸಿದರೂ ಅದೇ 60 ದಿನದ ಬೀಗ ಬೀಳಬಹುದು. ಆದ್ದರಿಂದ ರಿಜಿಸ್ಟ್ರಾರ್ ಬದಲಿಸುವ ಯೋಚನೆಯಿದ್ದರೆ ಮೊದಲು ವರ್ಗಾವಣೆ, ಆಮೇಲೆ ವಿವರ.

ಇಲ್ಲಿ ಕೆಲಸ ಕೆಡುವುದು ಮೂರು ಕಡೆ. ಲಾಗಿನ್ ಪಾಸ್‌ವರ್ಡ್ ಸಿಕ್ಕಿತು ಎಂದು ಸುಮ್ಮನಾಗುತ್ತಾರೆ. ಒಳಗೆ ರಿಜಿಸ್ಟ್ರಂಟ್ (ಡೊಮೇನಿನ ಮಾಲೀಕರು) ಹೆಸರು ಮತ್ತು ಇಮೇಲ್ ಹಳೆಯವೇ ಉಳಿದಿರುತ್ತವೆ. ವಿವರ ಬದಲಿಸಿದ ಮೇಲೆ ಬರುವ ದೃಢೀಕರಣದ ಮೇಲ್‌ನ ಲಿಂಕನ್ನು 15 ದಿನದೊಳಗೆ ಒತ್ತದಿದ್ದರೆ ವೆಬ್‌ಸೈಟೇ ನಿಂತುಹೋಗಬಹುದು. ಇನ್ನೊಂದು ಡಿಎನ್‌ಎಸ್ (ಸೈಟ್, ಇಮೇಲ್ ಯಾವ ಸರ್ವರ್‌ಗೆ ಹೋಗಬೇಕೆಂದು ತಿಳಿಸುವ ವ್ಯವಸ್ಥೆ): ವರ್ಗಾವಣೆಗೆ ಮುಂಚೆ ಎ, ಎಂಎಕ್ಸ್, ಟಿಎಕ್ಸ್‌ಟಿ ದಾಖಲೆಗಳನ್ನು ನಕಲು ಮಾಡಿಕೊಳ್ಳದಿದ್ದರೆ ಸೈಟ್ ಬಂದರೂ ಇಮೇಲ್ ಬರುವುದಿಲ್ಲ.

ಕೊಡಲ್ಲ ಎಂದರೆ ಲೀಗಲ್ ನೋಟಿಸ್, ಆಮೇಲೆ ಸಿವಿಲ್ ದಾವೆ. ಇಂಥ ಪ್ರಕರಣ ಡೊಮೇನ್ ಪಂಚಾಯ್ತಿಗೆ (ಕೆಳಗೆ ಬರುವ ಯುಡಿಆರ್‌ಪಿ, ಐಎನ್‌ಡಿಆರ್‌ಪಿ) ಹೋದರೆ ‘ಇದು ಒಪ್ಪಂದದ ವ್ಯಾಜ್ಯ, ಕೋರ್ಟಿಗೆ ಹೋಗಿ’ ಎಂದು ವಾಪಸ್ ಕಳಿಸಿದ್ದು ಬಹಳ. ನಿಜವಾಗಿ ಬಾಕಿಯಿದ್ದರೆ ಅದನ್ನು ತೀರಿಸಿ, ರಸೀದಿ ಬರೆಸಿಕೊಂಡು ಬಿಡಿಸಿಕೊಳ್ಳುವುದೇ ಲೇಸು. ನೋಟಿಸಿನ ಖರ್ಚು ಎಷ್ಟೋ ಸಲ ಬಾಕಿಗಿಂತ ಜಾಸ್ತಿಯಾಗುತ್ತದೆ.

ಅವಧಿ ಮುಗಿದಿದ್ದರೆ

ಡಾಟ್ ಕಾಮ್‌ಗೆ ಅವಧಿ ಮುಗಿದ ಮೇಲೆ 45 ದಿನದವರೆಗೆ ಸಾಮಾನ್ಯ ದರದ ನವೀಕರಣಕ್ಕೆ ಅವಕಾಶ ಇರಬಹುದು. ಹೆಸರು ಅಳಿಸಿದ ಮೇಲೆ 30 ದಿನ ರಿಡೆಂಪ್ಷನ್. ಆಗ ವರ್ಷದ ಶುಲ್ಕದ ಹಲವು ಪಟ್ಟು ತೆರಬೇಕು. ಕೊನೆಗೆ 5 ದಿನ ‘ಪೆಂಡಿಂಗ್ ಡಿಲೀಟ್’, ಆಗ ಯಾರೂ ಏನೂ ಮಾಡುವಂತಿಲ್ಲ. ಆದರೆ ಮೊದಲ 45 ದಿನವನ್ನು ನಂಬಿ ಕೂರಬೇಡಿ. ಅದು ರಿಜಿಸ್ಟ್ರಾರ್‌ಗೆ ಇರುವ ಸವಲತ್ತು, ಗ್ರಾಹಕರ ಹಕ್ಕಲ್ಲ; ಅಷ್ಟರೊಳಗೇ ಹೆಸರನ್ನು ಹರಾಜಿಗಿಡುವ ರಿಜಿಸ್ಟ್ರಾರ್‌ಗಳಿದ್ದಾರೆ. ಹೆಸರು ಬಿಡುಗಡೆಯಾದ ಕ್ಷಣವೇ ಹಿಡಿಯಲು ತಂತ್ರಾಂಶಗಳು ಕಾದಿರುತ್ತವೆ.

ಆಟೋ ರಿನ್ಯೂ ಹಾಕಿದ್ದೆವಲ್ಲ ಎನ್ನುವವರು ಗಮನಿಸಿ: 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ನಿಯಮ ಜಾರಿಯಾದ ಮೇಲೆ ವಿದೇಶಿ ರಿಜಿಸ್ಟ್ರಾರ್‌ಗಳಲ್ಲಿ ಕಾರ್ಡಿನಿಂದ ತಾನಾಗಿ ಕಡಿತವಾಗುವುದು ವಿಫಲವಾಗಬಹುದು. ಒಂದೇ ಸಲಕ್ಕೆ 5 ವರ್ಷಕ್ಕೆ ಕಟ್ಟಿಬಿಡಿ (10ರವರೆಗೆ ಅವಕಾಶವಿದೆ). ನೆನಪಿನ ಮೇಲ್‌ಗಳು ಹೋಗುವ ವಿಳಾಸ ಆ ಡೊಮೇನಿನದೇ ಆಗಿರಬಾರದು. ಡೊಮೇನ್ ನಿಂತರೆ ಆ ಮೇಲೂ ನಿಲ್ಲುತ್ತದೆ.

ಅಕೌಂಟ್ ಹ್ಯಾಕ್ ಆಗಿದ್ದರೆ

ಆವತ್ತೇ ಹಳೆಯ ರಿಜಿಸ್ಟ್ರಾರ್‌ಗೆ ಲಿಖಿತವಾಗಿ ತಿಳಿಸಿ. ಹೆಸರು ಬೇರೆ ರಿಜಿಸ್ಟ್ರಾರ್‌ಗೆ ಹೋಗಿದ್ದರೆ ಆ ಹೊಸ ರಿಜಿಸ್ಟ್ರಾರ್‌ನ ತುರ್ತು ಸಂಪರ್ಕಕ್ಕೆ ದೂರು ಕೊಡುವಂತೆ ಹಳೆಯವರನ್ನು ಒತ್ತಾಯಿಸಿ. ಐಕ್ಯಾನ್ ನಿಯಮದಂತೆ 4 ಗಂಟೆಯೊಳಗೆ ಉತ್ತರ ಬರಬೇಕು. ಈ ದಾರಿ ರಿಜಿಸ್ಟ್ರಾರ್‌ಗಳ ನಡುವಿನದು, ನೀವೇ ನೇರವಾಗಿ ಬಳಸಲಾಗದು. ಜೊತೆಗೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ ಅಥವಾ ಜಿಲ್ಲೆಯ ಸೆನ್ (ಸೈಬರ್ ಅಪರಾಧ ನೋಡುವ ಪೊಲೀಸ್) ಠಾಣೆಯಲ್ಲಿ ದೂರು ಕೊಡಿ. ಐಟಿ ಕಾಯ್ದೆಯ 66, 66ಸಿ ಕಲಮುಗಳು ಇದಕ್ಕೆ ಹೊಂದುತ್ತವೆ.

ಅಪರಿಚಿತರು ಹಿಡಿದಿಟ್ಟಿದ್ದರೆ

ಕೋರ್ಟಿನ ಹೊರಗೆ ಡೊಮೇನ್ ಜಗಳ ತೀರ್ಮಾನಿಸುವ ನಿಯಮಗಳಿವೆ: ಡಾಟ್ ಕಾಮ್‌ಗೆ 1999ರಲ್ಲಿ ಬಂದ ಯುಡಿಆರ್‌ಪಿ, ಡಾಟ್ ಇನ್‌ಗೆ 2005ರಲ್ಲಿ ಬಂದ ಐಎನ್‌ಡಿಆರ್‌ಪಿ. ಎರಡರಲ್ಲೂ ಮೂರು ಅಂಶ ಸಾಬೀತಾಗಬೇಕು: ಡೊಮೇನ್ ನಿಮ್ಮ ಗುರುತಿನಂತೆಯೇ ಅಥವಾ ಗೊಂದಲವಾಗುವಷ್ಟು ಹತ್ತಿರವಿದೆ, ಎದುರಾಳಿಗೆ ಅದರ ಮೇಲೆ ನ್ಯಾಯವಾದ ಹಕ್ಕಿಲ್ಲ, ದುರುದ್ದೇಶವಿದೆ. ಕೊನೆಯದರಲ್ಲಿ ಒಂದು ದೊಡ್ಡ ವ್ಯತ್ಯಾಸ. ಯುಡಿಆರ್‌ಪಿಯಲ್ಲಿ ನೋಂದಣಿ, ಬಳಕೆ ಎರಡೂ ದುರುದ್ದೇಶದಿಂದ ಆಗಿರಬೇಕು. ಐಎನ್‌ಡಿಆರ್‌ಪಿಯಲ್ಲಿ ಎರಡರಲ್ಲಿ ಒಂದಿದ್ದರೆ ಸಾಕು. ಇದರ ಪರಿಣಾಮ ಏನೆಂದರೆ, ನಿಮ್ಮ ಅಂಗಡಿ ಹುಟ್ಟುವ ಮೊದಲೇ ನೋಂದಣಿಯಾದ ಡಾಟ್ ಕಾಮ್ ಮೇಲೆ ದೂರು ಕೊಟ್ಟರೆ ಬಹುತೇಕ ಸೋಲೇ. ಗೊತ್ತಿದ್ದೂ ಹಾಕಿದರೆ ‘ರಿವರ್ಸ್ ಹೈಜಾಕಿಂಗ್’ (ಬೇರೆಯವರ ಹೆಸರನ್ನು ದೂರಿನ ನೆಪದಲ್ಲಿ ಕಿತ್ತುಕೊಳ್ಳುವ ಯತ್ನ) ಎಂಬ ಹಣೆಪಟ್ಟಿ ತೀರ್ಪಿನಲ್ಲೇ ಬೀಳಬಹುದು.

ನಮ್ಮ ಕಡೆಯವರು ಎಡವುವುದು ಮೊದಲ ಅಂಶದಲ್ಲಿ. ‘ಮಂಡ್ಯ ಬೆಲ್ಲ’, ‘ಮೈಸೂರು ಪಾಕ್’, ‘ಆಲೆಮನೆ’ ಇವು ಒಬ್ಬರ ಗುರುತುಗಳಲ್ಲ. ಊರು ಮತ್ತು ಸರಕಿನ ಹೆಸರಷ್ಟೇ ಇರುವ ಗುರುತನ್ನು ಟ್ರೇಡ್‌ಮಾರ್ಕ್ ಕಾಯ್ದೆಯ 9(1)(ಬಿ) ತಡೆಯುತ್ತದೆ. ಮೈಸೂರು ರೇಷ್ಮೆ, ಮೈಸೂರು ಅಗರಬತ್ತಿಗಳಿಗೆ ಜಿಐ (ಊರಿನ ಸರಕಿಗೆ ಸಿಗುವ ಭೌಗೋಳಿಕ ಗುರುತು) ಇದೆ, ನಿಜ; ಜಿಐ ಒಂದನ್ನೇ ಹಿಡಿದು ಹೋದರೆ ಯುಡಿಆರ್‌ಪಿಯಲ್ಲಿ ತಾನಾಗಿ ಹಕ್ಕು ಹುಟ್ಟುವುದಿಲ್ಲ. ಊರಿನ ಹೆಸರಿಗೆ ನಿಮ್ಮದೇ ಒಂದು ಪದ ಸೇರಿಸಿ ಟ್ರೇಡ್‌ಮಾರ್ಕ್‌ಗೆ ಟಿಎಂ-ಎ ನಮೂನೆಯಲ್ಲಿ ಅರ್ಜಿ ಹಾಕಿ. ವ್ಯಕ್ತಿ ಅಥವಾ ಸಣ್ಣ ಉದ್ಯಮಕ್ಕೆ ಆನ್‌ಲೈನ್ ಶುಲ್ಕ ಒಂದು ವರ್ಗಕ್ಕೆ 4,500 ರೂ.; ಕರ್ನಾಟಕ ಚೆನ್ನೈನ ಟ್ರೇಡ್‌ಮಾರ್ಕ್ ಕಚೇರಿಯ ವ್ಯಾಪ್ತಿಗೆ ಬರುತ್ತದೆ. ನೋಂದಣಿ ಇಲ್ಲದಿದ್ದರೂ ವರ್ಷಗಳ ಬಿಲ್, ಜಾಹೀರಾತು, ಜಿಎಸ್‌ಟಿ ದಾಖಲೆಗಳಿಂದ ಬಳಕೆ ತೋರಿಸಬಹುದು. 2004ರ ಸತ್ಯಂ ಇನ್ಫೋವೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಡೊಮೇನ್ ಹೆಸರಿಗೂ ಪಾಸಿಂಗ್ ಆಫ್ (ಬೇರೆಯವರ ಹೆಸರಲ್ಲಿ ತಮ್ಮ ವ್ಯಾಪಾರ ನಡೆಸುವುದರ ವಿರುದ್ಧದ) ರಕ್ಷಣೆ ಉಂಟು ಎಂದಿದೆ.

ಖರ್ಚಿನ ಲೆಕ್ಕ ಹಾಕಿ. ಯುಡಿಆರ್‌ಪಿ ದೂರು ನಡೆಸುವ ವೈಪೋದಲ್ಲಿ (ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ) 1ರಿಂದ 5 ಹೆಸರಿಗೆ, ಒಬ್ಬ ತೀರ್ಪುಗಾರರಿಗೆ 1,500 ಡಾಲರ್. ವಕೀಲರ ಶುಲ್ಕ ಬೇರೆ. ಗೆದ್ದರೆ ಹೆಸರು ವರ್ಗವಾಗುತ್ತದೆ ಅಥವಾ ರದ್ದಾಗುತ್ತದೆ, ಪರಿಹಾರದ ಹಣವಿಲ್ಲ. ಎದುರಾಳಿ ಅದಕ್ಕಿಂತ ಬಹಳ ಕಡಿಮೆ ಕೇಳಿದರೆ ಎಸ್ಕ್ರೋ (ಹೆಸರು ಕೈಸೇರುವ ತನಕ ಹಣವನ್ನು ಮೂರನೆಯವರು ಇಟ್ಟುಕೊಳ್ಳುವ ವ್ಯವಸ್ಥೆ) ಮೂಲಕ ಕೊಂಡುಕೊಳ್ಳುವುದರಲ್ಲಿ ಅವಮಾನವೇನಿಲ್ಲ. ಯುಪಿಐಗೆ ನೇರ ಹಾಕಬೇಡಿ. ಆದರೆ ‘ಎಷ್ಟು ಬೇಕು’ ಎಂದು ನೀವಾಗಿ ಮೊದಲು ಕೇಳಬೇಡಿ. ಅವನಾಗಿ ಕೇಳಿದ ದುಬಾರಿ ಬೆಲೆ ದುರುದ್ದೇಶಕ್ಕೆ ಒಳ್ಳೆಯ ಸಾಕ್ಷಿ, ನೀವು ಕೇಳಿಸಿದ ಬೆಲೆಗೆ ಅಷ್ಟು ತೂಕವಿಲ್ಲ.

ನೋಂದಾಯಿತ ಟ್ರೇಡ್‌ಮಾರ್ಕ್ ಇದ್ದರೆ ಟ್ರೇಡ್‌ಮಾರ್ಕ್ ಕಾಯ್ದೆಯ 134(2)ರಡಿ ನಿಮ್ಮ ವ್ಯಾಪಾರ ಇರುವಲ್ಲೇ, ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗಲ್ಲದ ಕೋರ್ಟಿನಲ್ಲಿ ದಾವೆ ಹೂಡಬಹುದು. ಪರಿಹಾರ ಬೇಕಿದ್ದರೆ ಇದೇ ದಾರಿ.

ದಸರಾ ಹೊತ್ತಿಗೆ ನಿಮ್ಮ ಹೋಟೆಲಿನ ಹೆಸರಲ್ಲಿ ನಕಲಿ ಬುಕಿಂಗ್ ಸೈಟ್ ಎದ್ದು ಹಣ ಕೀಳುತ್ತಿದ್ದರೆ ಇದಕ್ಕೆಲ್ಲ ಕಾಯಬೇಡಿ. ಸ್ಕ್ರೀನ್‌ಶಾಟ್ ಸಮೇತ ರಿಜಿಸ್ಟ್ರಾರ್‌ನ ಅಬ್ಯೂಸ್ ಮೇಲ್‌ಗೆ ಬರೆಯಿರಿ. ಸಾಕ್ಷ್ಯ ಗಟ್ಟಿಯಿದ್ದರೆ ಫಿಶಿಂಗ್ (ನಕಲಿ ಸೈಟಿನ ಮೋಸ) ಮೇಲೆ ಕ್ರಮ ಕೈಗೊಳ್ಳುವುದು 2024ರ ಏಪ್ರಿಲ್ 5ರಿಂದ ಐಕ್ಯಾನ್ ಒಪ್ಪಂದದಲ್ಲೇ ಕಡ್ಡಾಯ. ದುಡ್ಡು ಕಳೆದುಕೊಂಡ ಅತಿಥಿಗಳಿಗೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಲು ಹೇಳಿ.

ಹೊಸದಾಗಿ ಕೊಳ್ಳುವಾಗ

ಇಂಗ್ಲಿಷ್ ಕಾಗುಣಿತದಲ್ಲೇ ಸ್ಕ್ವಾಟರ್‌ಗಳ (ಬೇರೆಯವರ ಹೆಸರನ್ನು ಮೊದಲೇ ಕೊಂಡು ಹಿಡಿದಿಡುವವರು) ಬೇಟೆ. 2014ರ ನವೆಂಬರ್ 1ರಿಂದ ಮೈಸೂರಿನ ಅಧಿಕೃತ ಇಂಗ್ಲಿಷ್ ಹೆಸರು Mysore ಬದಲು Mysuru ಆಗಿದೆ, ಜನ ಮಾತ್ರ ಎರಡನ್ನೂ ಟೈಪ್ ಮಾಡುತ್ತಾರೆ. ಎರಡೂ ಕೊಂಡು ಒಂದನ್ನು ಇನ್ನೊಂದಕ್ಕೆ ತಿರುಗಿಸಿ. ‘ಶ್ರೀ’ಯಿಂದ ಶುರುವಾಗುವ ಹೆಸರಾದರೆ ಅದನ್ನು ಮೂರು ಬಗೆಯಲ್ಲಿ ಬರೆಯುತ್ತಾರೆ, ನಿಮ್ಮ ಬೋರ್ಡಿನಲ್ಲಿರುವುದನ್ನೇ ಮೊದಲು ಹಿಡಿಯಿರಿ. ಡಾಟ್ ಕಾಮ್, ಡಾಟ್ ಇನ್ ಸಾಕು. ಕನ್ನಡ ಲಿಪಿಯ ಡಾಟ್ ಭಾರತ ಬೇಕಿದ್ದರೆ ನಿಕ್ಸಿ ಮಾನ್ಯತೆಯ ರಿಜಿಸ್ಟ್ರಾರ್‌ಗಳಲ್ಲಿ ವಿಚಾರಿಸಿ. ಸಿಕ್ಕಸಿಕ್ಕ ಎಲ್ಲ ವಿಸ್ತರಣೆಗಳನ್ನೂ ಕೊಂಡರೆ ವರ್ಷವರ್ಷ ನವೀಕರಿಸುವುದೇ ಹೊರೆ, ಅದರಲ್ಲೊಂದು ಮರೆತಾಗಲೇ ಮೇಲಿನ ಎರಡನೇ ಜಗಳ ಹುಟ್ಟುವುದು.